ರೈತನ ಕಡೆಗೆ ತಿರುಗಿದ್ದ ಪರದೆ

ಚಾಮರಾಜನಗರ ತಾಲ್ಲೂಕಿನ ಹರವೆ ಒಂದು ಹೋಬಳಿ ಕೇಂದ್ರ. ಅಲ್ಲಿಯಾಗಲಿ, ನೆರೆಯ ಗುಂಡ್ಲುಪೇಟೆಯ ಕಡೆಯ ಊರುಗಳಲ್ಲಾಗಲಿ, ರಾಜ್ಯದ ಬೇರಾವ ಹೋಬಳಿಯಲ್ಲಾಗಲಿ, ತಿಂಗಳ ಪಡಿತರ ಬರುವ ದಿನ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ನೋಡಿದವರಿಗೆ ಒಂದು ದೃಶ್ಯ ಪರಿಚಿತ. ಅರಿಸಿನದ ಗೆಡ್ಡೆ ಬಿಡಿಸಿ, ಕಳೆ ಕಿತ್ತು, ಮುಸುರೆ ತಿಕ್ಕಿ ಸವೆದ ಹೆಬ್ಬೆರಳನ್ನು ಮುದುಕಿಯೊಬ್ಬಳು ಪುಟ್ಟ ಯಂತ್ರದ ಗಾಜಿನ ಮೇಲೆ ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ‘ಇನ್ನೊಂದು ಬೆರಳು ಇಡವ್ವ’ ಎನ್ನುತ್ತಾನೆ ಅಂಗಡಿಯವನು. ಆಕೆ ಯಾರ ಮಗಳು, ಯಾರ ಸೊಸೆ ಎಂಬುದು ಸಾಲಿನಲ್ಲಿ ನಿಂತ ಎಲ್ಲರಿಗೂ ಗೊತ್ತು, ಅಂಗಡಿಯವನಿಗೂ ಗೊತ್ತು. ಗೊತ್ತಿಲ್ಲದಿರುವುದು ಯಂತ್ರಕ್ಕೆ ಮಾತ್ರ. ಆದರೆ ಮಾತು ನಡೆಯುವುದು ಅದರದೇ.

ಅಂತರ್ಜಾಲದಲ್ಲಿ ನಮ್ಮ ಖಾಸಗಿತನ ಉಳಿದಿದೆಯೇ, ಮನುಷ್ಯರು ಮಾಡಬೇಕಾದ ತೀರ್ಮಾನಗಳನ್ನು ಯಂತ್ರಗಳಿಗೆ ಒಪ್ಪಿಸುವುದು ಸರಿಯೇ ಎಂಬ ಚರ್ಚೆ ಈಗ ನಗರಗಳಲ್ಲಿ ಬಿರುಸಾಗಿದೆ. ಫೋನಿನಲ್ಲಿ ಒಮ್ಮೆ ಹುಡುಕಿದ ವಸ್ತುವಿನ ಜಾಹೀರಾತು ವಾರಗಟ್ಟಲೆ ಬೆನ್ನು ಹತ್ತುವುದು, ಹೆಸರು ಕೇಳದ ಕಂಪೆನಿಯವರು ಹೆಸರು ಹಿಡಿದು ಕರೆ ಮಾಡುವುದು ಎಲ್ಲರ ಅನುಭವ. ಖಾಸಗಿತನವೆಂಬುದು ಹೊಟ್ಟೆ ತುಂಬಿದವರ ಚಿಂತೆ, ಹಳ್ಳಿಯಲ್ಲಿ ಎಲ್ಲರ ಮನೆಯ ಸಂಗತಿಯೂ ಎಲ್ಲರಿಗೂ ಗೊತ್ತಿರುತ್ತದಲ್ಲವೇ ಎಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ಸ್ವಲ್ಪ ಪರಿಶೀಲಿಸಬೇಕು. ಏಕೆಂದರೆ ಸರ್ಕಾರದ ಗಣಕಯಂತ್ರ ಕನ್ನಡ ನಾಡಿನ ಹಳ್ಳಿಗನ ಬದುಕಿನೊಳಕ್ಕೆ ಬಂದದ್ದು ಕಾಲು ಶತಮಾನದ ಹಿಂದೆ. ಆ ಕತೆಯಲ್ಲಿ ಇಂದಿನ ಕಳವಳದ ಮೂಲವೂ ಇದೆ, ಪರಿಹಾರದ ಸುಳಿವೂ ಇದೆ.

ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಕೊನೆಗಾಣಿಸುವವರೆಗೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಆಮೇಲೆ ಅದು ಗ್ರಾಮ ಲೆಕ್ಕಿಗರ ಕೈಗೆ ಬಂತು. ಪಹಣಿ ಎಂಬುದು ಆಗಲೂ ಗುಟ್ಟಿನ ಕಾಗದವಾಗಿರಲಿಲ್ಲ. ಅದರಲ್ಲಿ ಒಡೆಯನ ಹೆಸರಿದೆ, ಎಕರೆ ಗುಂಟೆಗಳ ವಿಸ್ತೀರ್ಣವಿದೆ, ಬೆಳೆಯಿದೆ, ಜಮೀನಿನ ಮೇಲಿರುವ ಸಾಲದ ಋಣವೂ ನಮೂದಾಗಿರುತ್ತದೆ. ಆದರೆ ಅದನ್ನು ನೋಡಬೇಕೆಂದವನು ಲೆಕ್ಕಿಗರ ಮನೆಗೋ ಚಾವಡಿಗೋ ಹೋಗಿ ಕೇಳಬೇಕಾಗಿತ್ತು. ಕೇಳಿದರೆ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಹಬ್ಬುತ್ತಿತ್ತು. ‘ನಿನ್ನ ಹೊಲದ ಲೆಕ್ಕವನ್ನು ಇಂಥವನು ವಿಚಾರಿಸಿದ’ ಎಂದು ಹೊಲದವನಿಗೆ ತಿಳಿಯುತ್ತಿತ್ತು. ನೋಡುವವನನ್ನೂ ನೋಡುವವರಿದ್ದರು. ಹಳ್ಳಿಯ ಖಾಸಗಿತನ ಬಾಗಿಲು ಮುಚ್ಚಿ ಉಳಿಸಿಕೊಂಡದ್ದಲ್ಲ. ಈ ಪರಸ್ಪರತೆಯೇ ಅದರ ಕಾವಲಾಗಿತ್ತು.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಬೇಕಾಗಿಲ್ಲ. ಪಹಣಿಯ ಒಂದು ನಕಲಿಗಾಗಿ ರೈತ ವಾರಗಟ್ಟಲೆ ಅಲೆಯುತ್ತಿದ್ದ, ಲಂಚ ಕೊಡುತ್ತಿದ್ದ. ದಾಖಲೆ ತಿದ್ದುವ ಪ್ರಕರಣಗಳಿಗೂ ಕೊರತೆಯಿರಲಿಲ್ಲ. ಈ ಪೀಡೆಗೆ ಮದ್ದಾಗಿ ಬಂದದ್ದೇ ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯೋಸ್ಕ್ ತೆರೆದು, 15 ರೂಪಾಯಿಗೆ ಪಹಣಿಯನ್ನು ಕೈಗಿಡುವ ವ್ಯವಸ್ಥೆ 2000ದ ದಶಕದ ಆರಂಭದಲ್ಲಿ ಜಾರಿಗೆ ಬಂತು. ದೇಶವೇ ಕರ್ನಾಟಕದತ್ತ ನೋಡಿತು.

ಆ ವ್ಯವಸ್ಥೆಯ ಎರಡು ಸಣ್ಣ ಅಂಶಗಳನ್ನು ನಾವು ಮರೆತಿದ್ದೇವೆ. ಮೊದಲನೆಯದು, ಕಿಯೋಸ್ಕ್‌ನಲ್ಲಿ ಎರಡು ಪರದೆಗಳಿದ್ದವು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ ತಿರುಗಿತ್ತು. ತನ್ನ ಜಮೀನಿನ ಬಗ್ಗೆ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಆತ ಕಣ್ಣಾರೆ ಕಾಣಬಹುದಾಗಿತ್ತು. ಎರಡನೆಯದು, ಅಲ್ಲಿಯೂ ಬೆರಳಚ್ಚಿನ ಯಂತ್ರವಿತ್ತು. ಆದರೆ ಅದರ ಮೇಲೆ ಬೆರಳಿಡಬೇಕಾಗಿದ್ದವನು ರೈತನಲ್ಲ, ಅಧಿಕಾರಿ. ಯಾವ ನಮೂದನ್ನು ಯಾರು ತಿದ್ದಿದರು, ಯಾರು ಅನುಮೋದಿಸಿದರು ಎಂಬುದಕ್ಕೆ ಆ ಬೆರಳೇ ಸಾಕ್ಷಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನೂ ಯಂತ್ರದೊಳಗೇ ಅಳವಡಿಸಲಾಗಿತ್ತು. ಅಂದರೆ, ಯಂತ್ರದ ಕಣ್ಣು ಕಚೇರಿಯ ಮೇಲಿತ್ತು. ಪ್ರಜೆಗೆ ಅದು ಒಂದು ಕಿಟಕಿಯಾಗಿತ್ತು.

ಮುಂದಿನ ವರ್ಷಗಳಲ್ಲಿ ಈ ಕಣ್ಣು ನಿಧಾನವಾಗಿ ತಿರುಗಿತು. ಆಧಾರ್ ಬಂದ ಮೇಲೆ ಬೆರಳಿಡಬೇಕಾದವನು ಪ್ರಜೆಯೇ ಆದ. ಪಡಿತರಕ್ಕೆ ಬೆರಳು, ಬ್ಯಾಂಕಿನ ಹಣಕ್ಕೆ ಬೆರಳು. ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನಿಗೊಂದು ಗುರುತಿನ ಸಂಖ್ಯೆ ಕೊಟ್ಟು ಆತನ ಜಮೀನು, ಆಧಾರ್, ಬ್ಯಾಂಕ್ ಖಾತೆಗಳನ್ನು ಒಂದೇ ಎಳೆಯಲ್ಲಿ ಪೋಣಿಸಲಾಯಿತು. 2024ರಲ್ಲಿ ಕಂದಾಯ ಇಲಾಖೆ ‘ನನ್ನ ಆಧಾರ್‌ನೊಂದಿಗೆ ನನ್ನ ಆಸ್ತಿ ಸುರಕ್ಷಿತ’ ಎಂಬ ಘೋಷಣೆಯೊಂದಿಗೆ ಪಹಣಿಗಳಿಗೆ ಆಧಾರ್ ಜೋಡಿಸುವ ಅಭಿಯಾನ ನಡೆಸಿತು. ಬೇರೊಬ್ಬರ ಜಮೀನನ್ನು ಮೋಸದಿಂದ ಮಾರುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ. ಪರಿಹಾರಧನ ಮಧ್ಯವರ್ತಿಯಿಲ್ಲದೆ ಖಾತೆಗೆ ಬಂದು ಬೀಳುವುದೂ ಸಣ್ಣ ಲಾಭವಲ್ಲ. ಆದರೆ ಇಷ್ಟನ್ನೆಲ್ಲ ಜೋಡಿಸಿದ ಮೇಲೆ, ರೈತನ ಕಡೆಗೆ ತಿರುಗಿದ್ದ ಆ ಎರಡನೆಯ ಪರದೆ ಎಲ್ಲಿ ಹೋಯಿತು?

ಪಹಣಿ ಈಗ ಅಂತರ್ಜಾಲದಲ್ಲಿದೆ. ಊರು ಮತ್ತು ಸರ್ವೆ ನಂಬರು ಗೊತ್ತಿದ್ದರೆ ಸಾಕು, ಹರವೆಯ ಹೊಲವನ್ನು ಬೆಂಗಳೂರಿನಲ್ಲಿ ಕುಳಿತವನೂ ನೋಡಬಹುದು. ಯಾರಿಗೆ ಎಷ್ಟು ಜಮೀನಿದೆ, ಅದರ ಮೇಲೆ ಯಾವ ಸಾಲವಿದೆ ಎಂದು ಅರಿತು, ಸಾಲದಲ್ಲಿ ಸಿಲುಕಿದವನ ಮನೆ ಬಾಗಿಲಿಗೆ ದಲ್ಲಾಳಿಯನ್ನು ಕಳಿಸಬಹುದು. ಹೊಲದವನಿಗೆ ಅದರ ಸುಳಿವೂ ಸಿಗದು. ಭೂಮಿಯ ಗಣಕೀಕರಣದಿಂದ ಬೆಂಗಳೂರಿನ ಸುತ್ತ ಹೆಚ್ಚು ಅನುಕೂಲವಾದದ್ದು ದೊಡ್ಡ ಭೂ ವ್ಯವಹಾರಸ್ಥರಿಗೆ ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಷ್ಟು ಹಿಂದೆಯೇ ತಮ್ಮ ಅಧ್ಯಯನದಲ್ಲಿ ಎಚ್ಚರಿಸಿದ್ದರು. ದಾಖಲೆ ಮೊದಲಿನಂತೆಯೇ ಸಾರ್ವಜನಿಕ. ನೋಡಿದವನು ಯಾರೆಂದು ಊರಿಗೆ ತಿಳಿಯುತ್ತಿದ್ದ ಬಗೆ ಮಾತ್ರ ಉಳಿದಿಲ್ಲ.

ಇದರ ಅಪಾಯವೇನೆಂಬುದು 2023ರಲ್ಲಿ ರಾಜ್ಯಕ್ಕೆ ಮನವರಿಕೆಯಾಯಿತು. ಯಾವುದೇ ಒಟಿಪಿ ಹೇಳದಿದ್ದರೂ, ಯಾವ ಲಿಂಕನ್ನೂ ಒತ್ತದಿದ್ದರೂ ಬೆಂಗಳೂರಿನ ಅನೇಕರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಅವರಲ್ಲಿ ಹಲವರು ಅದಕ್ಕೆ ಮುನ್ನ ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಕ್ರಯಪತ್ರಗಳ ನಕಲು ಪಡೆದು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ಸಿಲಿಕೋನಿನಲ್ಲಿ ಅಚ್ಚು ಹಾಕಿ, ಆಧಾರ್ ಸಂಖ್ಯೆಯೊಂದಿಗೆ ಸೇರಿಸಿ ವಂಚಕರು ಹಣ ತೆಗೆದಿದ್ದರೆಂಬುದು ಪೊಲೀಸರ ತನಿಖೆಯಲ್ಲಿ ಕಂಡುಬಂತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬೆರಳೇ ಸಹಿ, ಬೆರಳೇ ಬೀಗದ ಕೈ. ಇಲಾಖೆ ಆಮೇಲೆ ಬೆರಳಚ್ಚುಗಳನ್ನು ಮರೆಮಾಡಲು ಮುಂದಾಯಿತು. ಆದರೆ ಒಮ್ಮೆ ಕಳೆದುಹೋದ ಪಾಸ್‌ವರ್ಡನ್ನು ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾದೀತೆ? ಹೊಲದಲ್ಲಿ ದುಡಿದವಳ ನಿಜವಾದ ಬೆರಳನ್ನು ಗುರುತಿಸಲು ತಡವರಿಸುವ ಯಂತ್ರವೇ ಕಳ್ಳನ ಸಿಲಿಕೋನ್ ಬೆರಳನ್ನು ಒಪ್ಪಿಕೊಂಡದ್ದು ಈ ಪ್ರಕರಣದ ಅತ್ಯಂತ ಕಹಿಯಾದ ಪಾಠ.

ಕಳವು ಒಂದು ಬಗೆಯ ಅಪಾಯ. ಯಂತ್ರದ ತೀರ್ಪು ಇನ್ನೊಂದು ಬಗೆಯದು. 2024ರ ನವೆಂಬರಿನಲ್ಲಿ ರಾಜ್ಯದ ಅನೇಕ ಕುಟುಂಬಗಳಿಗೆ ತಮ್ಮ ಬಿಪಿಎಲ್ ಚೀಟಿ ರದ್ದಾಗಿದೆ, ಇಲ್ಲವೇ ಎಪಿಎಲ್ ಆಗಿ ಬದಲಾಗಿದೆ ಎಂಬುದು ಗೊತ್ತಾದದ್ದು ಅಂಗಡಿಗೆ ಹೋದಾಗಲೇ. ಆಕ್ರೋಶ ಭುಗಿಲೆದ್ದ ಮೇಲೆ ಸರ್ಕಾರ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸಬೇಕಾಯಿತು. ಅನರ್ಹರನ್ನು ಪಟ್ಟಿಯಿಂದ ತೆಗೆಯುವುದು ತಪ್ಪಲ್ಲ. ಮೊದಲು ತೆಗೆದು ಆಮೇಲೆ ಕೇಳುವುದು ತಪ್ಪು. ನೆರೆಯ ತೆಲಂಗಾಣದಲ್ಲಿ 2016ರ ನಂತರ ಗಣಕಯಂತ್ರದ ಲೆಕ್ಕಾಚಾರವನ್ನು ನೆಚ್ಚಿ ರದ್ದುಪಡಿಸಿದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2022ರಲ್ಲಿ ಆದೇಶಿಸಬೇಕಾಗಿ ಬಂತು.

ಇದು ಬಡ ದೇಶಗಳ ರೋಗವೆಂದೂ ಹೇಳುವಂತಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆಯ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ತಪ್ಪು ಕೊರತೆಗಳನ್ನು ತೋರಿಸಿದ್ದರಿಂದ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರು ಕಳ್ಳರೆನಿಸಿಕೊಂಡು ಶಿಕ್ಷೆಗೆ ಒಳಗಾದರು. ಕೆಲವರು ಜೈಲು ಸೇರಿದರು, ಕೆಲವರು ಮನೆ ಮಾರಿಕೊಂಡರು. ಅವರ ಮೇಲಿನ ಕಳಂಕವನ್ನು ಒಟ್ಟಾಗಿ ತೊಡೆದುಹಾಕಲು 2024ರಲ್ಲಿ ಅಲ್ಲಿನ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಮನುಷ್ಯನ ಮಾತಿಗಿಂತ ಯಂತ್ರದ ಮಾತು ಹೆಚ್ಚೆಂದು ನಂಬಿದ್ದೇ ಅಲ್ಲಿನ ಮೂಲ ಪ್ರಮಾದ.

ಯಂತ್ರದ ಮುಂದೆ ಅಸಹಾಯಕನಾದವನು ಪ್ರಜೆಯೊಬ್ಬನೇ ಎಂದುಕೊಳ್ಳಬೇಕಾಗಿಲ್ಲ. ಶಾನುಭೋಗರ ಕೊನೆಯ ವಾರಸುದಾರರೆನ್ನಬಹುದಾದ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದರು. ಸೌಲಭ್ಯವಿಲ್ಲದೆ ತಮ್ಮ ಮೇಲೆ ಹೇರಲಾದ ಹತ್ತಾರು ಮೊಬೈಲ್ ಆ್ಯಪ್‌ಗಳ ಹೊರೆ ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು. ಹಿಂದೆ ಲೆಕ್ಕಿಗನಿಗೆ ಊರು ಗೊತ್ತಿತ್ತು. ಈಗ ಆತ ಮೇಲಿನವರ ತಂತ್ರಾಂಶಕ್ಕೆ ಮಾಹಿತಿ ತುಂಬಿಸುವವನು. ‘ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ’ ಎಂಬುದು ಕಚೇರಿಗಳಲ್ಲಿ ಇಂದು ಕೇಳಿಬರುವ ಅತಿ ಸಾಮಾನ್ಯ ಉತ್ತರ. ಅದು ಸುಳ್ಳಲ್ಲದಿರಬಹುದು, ಆದರೆ ಉತ್ತರವಂತೂ ಅಲ್ಲ. ಲಂಚ ಕೇಳಿದ ಅಧಿಕಾರಿಯ ಮೇಲೆ ದೂರು ಕೊಡಬಹುದು. ಸಿಸ್ಟಂ ಮೇಲೆ ಯಾರಿಗೆ ದೂರು ಕೊಡುವುದು?

ಕಾನೂನಿನ ರಕ್ಷಣೆಯಾದರೂ ಇದೆಯೇ? ಖಾಸಗಿತನದ ಹಕ್ಕಿಗಾಗಿ ದೇಶ ನೆನೆಯಬೇಕಾದ ವ್ಯಕ್ತಿ ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರ ಫಲವಾಗಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿದರೂ ಖಾಸಗಿ ಕಂಪೆನಿಗಳು ಅದನ್ನು ಕೇಳುವುದಕ್ಕೆ ಕಡಿವಾಣ ಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕಿಗೆ ಶಾಸನದ ರೂಪ ಕೊಡಬೇಕಾಗಿದ್ದ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪೆನಿಗಳ ಮಟ್ಟಿಗೆ ಅದರಲ್ಲಿ ಕಟ್ಟುನಿಟ್ಟಿದೆ, ಅದೂ ಹದಿನೆಂಟು ತಿಂಗಳ ಕಾಲಾವಕಾಶದ ನಂತರ. ಸರ್ಕಾರದ ಮಟ್ಟಿಗೆ ಸಡಿಲವಿದೆ. ಸಹಾಯಧನ, ಸವಲತ್ತು, ಪ್ರಮಾಣಪತ್ರಗಳ ಹೆಸರಿನಲ್ಲಿ ಪ್ರಜೆಯ ಮಾಹಿತಿಯನ್ನು ಹೊಸದಾಗಿ ಸಮ್ಮತಿ ಕೇಳದೆಯೂ ಅದು ಬಳಸಬಹುದು. ಇದೇ ಕಾಯ್ದೆ ಮಾಹಿತಿ ಹಕ್ಕಿನ ಎಂಟನೆಯ ಸೆಕ್ಷನ್ನನ್ನೂ ತಿದ್ದಿ, ‘ವೈಯಕ್ತಿಕ ಮಾಹಿತಿ’ ಎಂಬ ಕಾರಣ ಕೊಟ್ಟು ಅಧಿಕಾರಿ ಉತ್ತರ ನಿರಾಕರಿಸುವುದನ್ನು ಹಿಂದಿಗಿಂತ ಸುಲಭವಾಗಿಸಿತು. ಪ್ರಜೆಯನ್ನು ಕಚೇರಿ ನೋಡುವುದು ಸಲೀಸಾಯಿತು, ಕಚೇರಿಯನ್ನು ಪ್ರಜೆ ನೋಡುವುದು ಕಷ್ಟವಾಯಿತು.

ಹಾಗಾದರೆ ಗಣಕಯಂತ್ರವನ್ನು ಬಿಸಾಡಿ ಕಡತದ ಕಾಲಕ್ಕೆ ಮರಳಬೇಕೆ? ಅದು ಸಾಧ್ಯವೂ ಇಲ್ಲ, ಸಾಧುವೂ ಅಲ್ಲ. ಬೇಕಾಗಿರುವುದು ಆ ಎರಡನೆಯ ಪರದೆ. ನನ್ನ ಪಹಣಿಯನ್ನು, ನನ್ನ ಕ್ರಯಪತ್ರವನ್ನು ಯಾರು ತೆರೆದು ನೋಡಿದರು ಎಂಬ ಪಟ್ಟಿ ನನಗೆ ಸಿಗಬೇಕು. ಆಧಾರ್ ಪ್ರಾಧಿಕಾರ ಆಧಾರ್ ದೃಢೀಕರಣದ ವಿವರವನ್ನು ಕಳೆದ ಆರು ತಿಂಗಳ ಮಟ್ಟಿಗೆ ಸಂಖ್ಯೆಯ ಒಡೆಯನಿಗೆ ತೋರಿಸುತ್ತದೆ. ಅಲ್ಲಿ ಆಗುವುದು ಕಂದಾಯ ಮತ್ತು ನೋಂದಣಿ ಇಲಾಖೆಗಳಲ್ಲಿ ಏಕೆ ಆಗಬಾರದು? ಯಾವುದೇ ಸವಲತ್ತನ್ನು ಯಂತ್ರದ ಸೂಚನೆಯ ಮೇರೆಗೆ ನಿಲ್ಲಿಸುವ ಮುನ್ನ, ಕಾರಣವನ್ನು ಕನ್ನಡದಲ್ಲಿ ಬರೆದ, ಅಧಿಕಾರಿಯೊಬ್ಬನ ಹೆಸರು ಮತ್ತು ಸಹಿಯುಳ್ಳ ನೋಟಿಸು ಮನೆಗೆ ತಲುಪಬೇಕು. ಬೆರಳು ಒಪ್ಪಿತವಾಗದಿದ್ದರೆ ಬೇರೆ ದಾರಿಯಿಂದ ಪಡಿತರ ಕೊಡುವುದು ಅಂಗಡಿಯವನ ಔದಾರ್ಯವಾಗದೆ ಫಲಾನುಭವಿಯ ಹಕ್ಕಾಗಬೇಕು. ಬಯೊಮೆಟ್ರಿಕ್ ಮಾಹಿತಿಗೆ ಬೀಗ ಹಾಕಿಕೊಳ್ಳುವ ಸೌಲಭ್ಯ ಆಧಾರ್ ಜಾಲತಾಣದಲ್ಲಿ ಈಗಾಗಲೇ ಇದೆ. ಓದಿದವರು ಅದನ್ನು ಬಳಸಿಕೊಳ್ಳಲಿ. ಆದರೆ ತನ್ನ ಬೆರಳಿಗೆ ತಾನೇ ಬೀಗ ಹಾಕಿಕೊ ಎಂದು ಊರಿನ ಮುದುಕಿಗೆ ಹೇಳಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಆ ಬೀಗ ಹಾಕಿದರೆ ಆಕೆಯ ಪಡಿತರಕ್ಕೇ ತೊಡಕಾಗುವುದನ್ನೂ ಮರೆಯುವಂತಿಲ್ಲ.

ಇವು ಯಾವುವೂ ದುಬಾರಿ ತಂತ್ರಜ್ಞಾನ ಬೇಡುವ ಕೆಲಸಗಳಲ್ಲ. ಕಾಲು ಶತಮಾನದ ಹಿಂದೆ, ಇಂದಿನ ಮೊಬೈಲಿನಷ್ಟೂ ಶಕ್ತಿಯಿಲ್ಲದ ಗಣಕಯಂತ್ರಗಳಿಂದ ಕರ್ನಾಟಕ ಇದನ್ನು ಮಾಡಿ ತೋರಿಸಿತ್ತು. ಅಂದು ಯೋಜನೆ ರೂಪಿಸಿದವರಿಗೆ ಒಂದು ಸರಳ ಸಂಗತಿ ಗೊತ್ತಿತ್ತು: ಕಿಟಕಿಯ ಹೊರಗೆ ನಿಂತವನಿಗೆ ಒಳಗಿನದು ಕಾಣದಿದ್ದರೆ ಅವನು ಯಂತ್ರವನ್ನು ನಂಬಲಾರ. ಇಂದು ಜನರಲ್ಲಿ ಕಾಣುತ್ತಿರುವ ಅಳುಕಿಗೆ ತಂತ್ರಜ್ಞಾನದ ಬಗೆಗಿನ ಅಜ್ಞಾನ ಕಾರಣವೆಂದು ತಳ್ಳಿಹಾಕುವ ಮುನ್ನ, ಆ ಪರದೆಯನ್ನು ತಿರುಗಿಸಿಟ್ಟವರು ಯಾರೆಂದು ನಾವು ಕೇಳಿಕೊಳ್ಳಬೇಕು.