ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡಬಹುದೇ?

ಬೈಕಿಗೆಂದು ತಂದ ಪೆಟ್ರೋಲಿನಲ್ಲಿ ಅರ್ಧ ಲೀಟರ್ ಉಳಿಯುತ್ತದೆ. ಅದನ್ನು ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲೇ ಬಿಟ್ಟು ಅಡುಗೆಮನೆಯ ಮೂಲೆಯಲ್ಲಿ ಇಡುತ್ತೇವೆ. 'ಇಷ್ಟು ಸ್ವಲ್ಪಕ್ಕೆ ಕಾನೂನು ಏನು ಮಾಡೀತು?' ಎಂಬುದು ನಮ್ಮ ಭಾವನೆ. ಆದರೆ ಕಾನೂನು ನೋಡುವುದು ಪ್ರಮಾಣವನ್ನು ಮಾತ್ರವಲ್ಲ, ಪಾತ್ರೆಯನ್ನೂ ನೋಡುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ 1934ರ ಪೆಟ್ರೋಲಿಯಂ ಕಾಯ್ದೆ ಇದೆ. ಎಷ್ಟು ಉಷ್ಣತೆಯಲ್ಲಿ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ ಎಂಬುದರ ಮೇಲೆ ಅದು ಇಂಧನಗಳನ್ನು ವಿಂಗಡಿಸುತ್ತದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಲ್ಲೇ ಹೊತ್ತಿಕೊಳ್ಳುವಂಥವು 'ಎ' ವರ್ಗ. ಪೆಟ್ರೋಲ್ ಇದರಲ್ಲಿ ಬರುತ್ತದೆ. ಸೀಮೆಎಣ್ಣೆ 'ಬಿ' ವರ್ಗದ್ದು.

ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲ್ ಇಡಲು ಲೈಸೆನ್ಸ್ ಬೇಕಿಲ್ಲ. ಆದರೆ ಅದು ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ, ಬಿಗಿಯಾದ ಮುಚ್ಚಳದೊಂದಿಗೆ ಇರಬೇಕು. ಗಾಜು, ಪಿಂಗಾಣಿಯದಾದರೆ ಒಂದು ಲೀಟರ್ ಮೀರಬಾರದು. ಲೋಹದ್ದಾದರೆ 25 ಲೀಟರ್. ಪ್ಲಾಸ್ಟಿಕ್ ನೀರಿನ ಬಾಟಲಿ ಈ ಪಟ್ಟಿಯಲ್ಲಿಲ್ಲ. ಮಾರಾಟಕ್ಕಾದರೆ ಈ 30 ಲೀಟರ್ ವಿನಾಯಿತಿಯೇ ಇಲ್ಲ. ಅಂಗಡಿಯ ಮುಂದೆ ಬಾಟಲಿಗಳಲ್ಲಿ ಪೆಟ್ರೋಲ್ ಮಾರುವುದು ಆದ್ದರಿಂದಲೇ ತಪ್ಪು.

ಇಷ್ಟು ಕಟ್ಟುನಿಟ್ಟು ಏಕೆ? ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡುತ್ತದೆ. ಬಾಟಲಿ ಮೂಲೆಯಲ್ಲಿದ್ದರೂ ಆವಿ ಒಲೆಯವರೆಗೆ ಬಂದು ಹೊತ್ತಿಕೊಳ್ಳಬಹುದು. ಇನ್ನೊಂದು ಅಪಾಯ ಮಕ್ಕಳದ್ದು. ನೀರೆಂದು ತಿಳಿದು ಮಗು ಪೆಟ್ರೋಲ್ ಅಥವಾ ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯ ತರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಡುಗೆ ಅನಿಲಕ್ಕೆ ಬೇರೆ ನಿಯಮ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಕಡೆ ಇಡಬಹುದಾದ ಅನಿಲ ಒಟ್ಟು 100 ಕಿಲೋ. ಮದುವೆಯ ಬಿರಿಯಾನಿಗೋ ಸಾಮೂಹಿಕ ಇಫ್ತಾರ್‌ಗೋ ಅಡುಗೆ ಮಾಡುವಾಗ ಇದನ್ನು ಲೆಕ್ಕ ಹಾಕಿ. 19 ಕಿಲೋದ ವಾಣಿಜ್ಯ ಸಿಲಿಂಡರ್ ಐದಾದರೆ 95 ಕಿಲೋ. ಆರನೆಯದು ಬಂದರೆ ಮಿತಿ ದಾಟಿತು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಇಂಥ ವ್ಯಾಪಾರದ ಅಡುಗೆಗೆ ಬಳಸುವುದೂ, ದೊಡ್ಡದರಿಂದ ಚಿಕ್ಕದಕ್ಕೆ ಅನಿಲ ತುಂಬಿಸುವುದೂ ಕಾನೂನುಬಾಹಿರ.

ಸಿಲಿಂಡರನ್ನು ಯಾವಾಗಲೂ ನೇರವಾಗಿ ನಿಲ್ಲಿಸಿ. ಅಡುಗೆ ಅನಿಲವೂ ಗಾಳಿಗಿಂತ ಭಾರವಾದ್ದರಿಂದ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ. ವಾಸನೆ ಬಂದರೆ ಲೈಟು, ಫ್ಯಾನಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮನೆಯವರೆಲ್ಲ ಹೊರಬಂದ ಮೇಲೆ 1906ಕ್ಕೆ ಕರೆ ಮಾಡಿ. ಬೆಂಕಿ ಹತ್ತಿದರೆ 101 ಅಥವಾ 112.

ನಮ್ಮ ಗಲ್ಲಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಮೆಟ್ಟಿಲ ಕೆಳಗೆ ಇಟ್ಟ ಇಂಧನಕ್ಕೆ ಬೆಂಕಿ ಬಿದ್ದರೆ ಮೇಲಿನ ಮಹಡಿಯವರಿಗೆ ಇಳಿಯುವ ದಾರಿಯೇ ಇರದು. ಇಂದೇ ಮನೆಯೊಳಗೆ ಒಮ್ಮೆ ಸುತ್ತಿ ನೋಡಿ. ಬಾಟಲಿಯಲ್ಲಿ ಉಳಿದ ಪೆಟ್ರೋಲ್ ಕಂಡರೆ ಬೈಕನ್ನು ಬಯಲಿಗೆ ತಂದು, ಎಂಜಿನ್ ತಣ್ಣಗಾದ ಮೇಲೆ ಅದರ ಟ್ಯಾಂಕಿಗೇ ಸುರಿಯಿರಿ.