ಕೌದಿಯ ವಿನ್ಯಾಸದಲ್ಲಿ ಪ್ರಮಾಣ

ಪ್ರಮಾಣ ಎಂಬುದು ವಿನ್ಯಾಸದ ಮೂಲತತ್ವಗಳಲ್ಲೊಂದು. ಕೃತಿಯೊಂದರ ಬಿಡಿಭಾಗಗಳ ಗಾತ್ರಕ್ಕೆ ಪರಸ್ಪರವಾಗಿಯೂ ಒಟ್ಟು ಕೃತಿಯೊಡನೆಯೂ ಇರುವ ಸಂಬಂಧವನ್ನು ಇದು ಸೂಚಿಸುತ್ತದೆ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಗಳಾಗಿ ಜೋಡಿಸಿ ಕೈಯಿಂದ ಹೊಲಿಯುವ ಹಾಸು-ಹೊದಿಕೆಯಾದ ಕೌದಿಯಲ್ಲಿ ತೇಪೆ, ಅಂಚು ಮತ್ತು ನಡುಭಾಗಗಳ ಗಾತ್ರವನ್ನು ನಿರ್ಧರಿಸಲು ಈ ತತ್ವವು ಬಳಕೆಯಾಗುತ್ತದೆ.

ಅಂಚು ಮತ್ತು ನಡುಭಾಗ

ಅಂಚಿನ ಅಗಲವು ಕೌದಿಯ ಗಾತ್ರಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ. ಉದಾಹರಣೆಗೆ, 40 × 60 ಇಂಚಿನ ನಡುಭಾಗದ ಸುತ್ತಲೂ 5 ಇಂಚಿನ ಅಂಚು ಕೊಟ್ಟರೆ ಕೌದಿಯ ಅಳತೆ 50 × 70 ಇಂಚು ಆಗುತ್ತದೆ. ಇದರ ಒಟ್ಟು ವಿಸ್ತೀರ್ಣದಲ್ಲಿ ಅಂಚಿನ ಪಾಲು ಸುಮಾರು ಶೇ. 31. ಅದೇ 5 ಇಂಚಿನ ಅಂಚನ್ನು ಮಗುವಿನ ಕೌದಿಯ 20 × 30 ಇಂಚಿನ ನಡುಭಾಗಕ್ಕೆ ಕೊಟ್ಟರೆ ಅಂಚು ಒಟ್ಟು ವಿಸ್ತೀರ್ಣದ ಅರ್ಧವನ್ನು ಆವರಿಸಿ, ನಡುಭಾಗವು ಕಿರಿದಾಗಿ ಕಾಣುತ್ತದೆ. ಅಂಚನ್ನು 2.5 ಇಂಚಿಗೆ ಇಳಿಸಿದಾಗ ಮೊದಲಿನ ಪ್ರಮಾಣವೇ ದೊರೆಯುತ್ತದೆ.

ಹೊಲಿಗೆಯಿಂದ ಆಗುವ ವ್ಯತ್ಯಾಸ

ತೇಪೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯುವ ವಿಧಾನದಲ್ಲಿ ಪ್ರತಿ ಜೋಡಣೆಗೆ ಎರಡೂ ಕಡೆಯಿಂದ ಕಾಲು ಇಂಚು ಬಟ್ಟೆ ಒಳಗೆ ಹೋಗುತ್ತದೆ. ಹೀಗಾಗಿ 6 ಇಂಚಿನ ಹತ್ತು ತೇಪೆಗಳ ಸಾಲು 60 ಇಂಚಿನ ಬದಲು 55.5 ಇಂಚು ಆಗುತ್ತದೆ. ಈ ನಷ್ಟವನ್ನು ಮೊದಲೇ ಲೆಕ್ಕ ಹಾಕದಿದ್ದರೆ ಸಾಲುಗಳು ಅಂಚಿಗೆ ಹೊಂದುವುದಿಲ್ಲ.

ಸಿದ್ದಿ ಸಮುದಾಯದ ಕೌದಿಗಳು

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ವಾಸಿಸುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಯನ್ನು ಕವಂದಿ ಎಂದು ಕರೆಯಲಾಗುತ್ತದೆ. ಇದರಲ್ಲಿ ತೇಪೆಗಳ ಅಂಚನ್ನು ಮಡಚಿ ನೇರವಾಗಿ ಅಡಿಬಟ್ಟೆಯ ಮೇಲೆಯೇ ಹೊಲಿಯುವುದರಿಂದ ಜೋಡಣೆಯ ನಷ್ಟವು ಒಟ್ಟು ಅಳತೆಯನ್ನು ಕುಗ್ಗಿಸುವುದಿಲ್ಲ. ಹೊಲಿಗೆಯು ಹೊರ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುಭಾಗದಲ್ಲಿ ಮುಗಿಯುತ್ತದೆ. ಪ್ರತಿ ಸುತ್ತಿನಲ್ಲಿಯೂ ಉಳಿದ ಜಾಗ ಕಿರಿದಾಗುತ್ತಾ ಹೋಗುವುದರಿಂದ, ಆ ಜಾಗಕ್ಕೂ ಕೈಯಲ್ಲಿರುವ ಬಟ್ಟೆಗೂ ಹೊಂದುವ ತೇಪೆಯನ್ನು ಆಗಿಂದಾಗ್ಗೆ ಆರಿಸಬೇಕಾಗುತ್ತದೆ. ಇಲ್ಲಿ ಪ್ರಮಾಣವು ಮೊದಲೇ ಬರೆದಿಟ್ಟ ನಕ್ಷೆಯಿಂದಲ್ಲ, ಕಣ್ಣಂದಾಜಿನಿಂದ ರೂಪುಗೊಳ್ಳುತ್ತದೆ. ದೊಡ್ಡ ತೇಪೆಗಳ ಮೇಲೆ ಗಾಢ ಬಣ್ಣದ ಚಿಕ್ಕ ತುಂಡುಗಳನ್ನು ಕೂಡಿಸುವುದೂ ಉಂಟು. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಇಡಲಾಗುತ್ತದೆ. ಇವನ್ನು ಹೂವು ಎಂಬರ್ಥದಲ್ಲಿ ಫುಲ ಎನ್ನುತ್ತಾರೆ.

ಮಹತ್ವ

ಕೌದಿಗೆ ಬೇಕಾದ ಬಟ್ಟೆಯು ಮನೆಯಲ್ಲಿ ಉಟ್ಟು ಹಳತಾದ ಉಡುಪುಗಳಿಂದಲೇ ದೊರೆಯುವುದರಿಂದ ಅದರ ಪರಿಮಾಣ ಸೀಮಿತವಾಗಿರುತ್ತದೆ. ಆದ್ದರಿಂದ ಪ್ರಮಾಣವು ಅಂದಕ್ಕಷ್ಟೇ ಸಂಬಂಧಿಸಿದ್ದಲ್ಲ. ಇರುವ ಬಟ್ಟೆಯಲ್ಲಿಯೇ ಹೊದೆಯುವವರ ಮೈಯಳತೆಗೆ ಸಾಲುವ ಹೊದಿಕೆಯನ್ನು ಪೂರ್ಣಗೊಳಿಸಲೂ ಅದು ಅಗತ್ಯವಾಗಿದೆ.