ನಡು ಮುರಿಯದ ದುಡಿಮೆ

ನಮ್ಮ ನಾಡಿನ ಹಳೆಯ ಸಂತೆದಾರಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಹೊರೆಗಲ್ಲು ಉಳಿದಿದೆ. ಆಳೆತ್ತರದ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಅಷ್ಟೆ. ತಲೆಯ ಮೇಲೆ ಮೂಟೆ ಹೊತ್ತು ಹರದಾರಿಗಟ್ಟಲೆ ನಡೆಯುತ್ತಿದ್ದವನು ಬಗ್ಗದೆ, ಇನ್ನೊಬ್ಬರ ಕೈ ಕಾಯದೆ, ಹೊರೆಯನ್ನು ಆ ಚಪ್ಪಡಿಗೆ ಜಾರಿಸಿ ದಣಿವಾರಿಸಿಕೊಳ್ಳುತ್ತಿದ್ದ. ಹೊರಡುವಾಗ ತಲೆಯೊಡ್ಡಿದರೆ ಸಾಕು, ಹೊರೆ ಮತ್ತೆ ತಲೆಗೆ ಬರುತ್ತಿತ್ತು. ಹೊರೆ ನೆಲ ಮುಟ್ಟುತ್ತಲೇ ಇರಲಿಲ್ಲ.

ಈ ಕಲ್ಲಿನ ಹಿಂದಿರುವ ತಿಳಿವಳಿಕೆಗೆ ಇಂದು ಎರ್ಗಾನಾಮಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೊಮೊಸ್’ ಎಂದರೆ ನಿಯಮ. 1857ರಲ್ಲಿ ಪೋಲೆಂಡಿನ ಯಸ್ತ್ರೆಂಬೋವ್ಸ್ಕಿ ಈ ಪದವನ್ನು ಮೊದಲು ಬಳಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಬ್ರಿಟನ್ನಿನ ಮರೆಲ್ ಅದನ್ನು ಮತ್ತೆ ಚಲಾವಣೆಗೆ ತಂದರು. ಇದರ ಸಾರ ಒಂದೇ ಮಾತು: ಮನುಷ್ಯನನ್ನು ಕೆಲಸಕ್ಕೆ ತಕ್ಕಂತೆ ಬಗ್ಗಿಸುವುದಲ್ಲ, ಕೆಲಸವನ್ನು ಮನುಷ್ಯನಿಗೆ ತಕ್ಕಂತೆ ಹೊಂದಿಸುವುದು.

ರಸಾಯನಶಾಸ್ತ್ರದವನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಪ್ರಯೋಗಾಲಯದಲ್ಲಿ ದ್ರಾವಕ ತುಂಬಿದ ಡಬ್ಬಿಯೊಂದನ್ನು ಮೇಜಿನಡಿಯಿಂದ ಎಳೆದು, ಸೊಂಟ ತಿರುವಿ ಮೇಲೆತ್ತಿದೆ. ‘ಕಳಕ್’ ಎಂದಿತು. ಮೂರು ವಾರ ಹಾಸಿಗೆ. ಮಿಲಿಗ್ರಾಮಿನ ಹತ್ತನೆಯ ಒಂದು ಪಾಲನ್ನೂ ಬಿಡದೆ ತೂಗುವ ಆ ಕೋಣೆಯಲ್ಲಿ ಆ ಡಬ್ಬಿಯ ತೂಕ ಎಷ್ಟೆಂದು ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ದಿನಗಳಲ್ಲಿ ದೋಹಾದ ಚಿಕಿತ್ಸಾಲಯವೊಂದರ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವರು ಬಾಗಲಕೋಟೆ ಕಡೆಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಟ್ಟಡದ ಕೆಲಸದಲ್ಲಿ ಸಿಮೆಂಟು ಚೀಲ ಹೊರುವವರು. ಕನ್ನಡ ಕೇಳಿ ಅವರ ಮುಖ ಅರಳಿತು. ನೋವು ಎಷ್ಟು ದಿನದಿಂದ ಎಂದು ಕೇಳಿದೆ. “ವರ್ಷಾತ್ರೀ ಸರ. ಮೇಸ್ತ್ರಿಗೆ ಹೇಳಿಲ್ಲ. ನಡಾ ಹೋತಂದ್ರ ಊರಿಗೆ ಕಳಸ್ತಾರ. ಸಾಲ ಇನ್ನೂ ಅರ್ಧಾ ತೀರಿಲ್ಲ” ಎಂದರು. ನನಗೆ ಸಂಬಳಸಹಿತ ರಜೆ ಇತ್ತು. ಅವರಿಗೆ ನೋವನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಮೇಲಿಂದ ಬಿದ್ದವನ ಗಾಯ ಎಲ್ಲರಿಗೂ ಕಾಣುತ್ತದೆ. ದಿನಕ್ಕಿಷ್ಟು ಎಂದು ಸವೆಯುವ ಬೆನ್ನಿನದು ಯಾವ ದಾಖಲೆಗೂ ಏರದೆ ಹೋಗುತ್ತದೆ.

ಬೆನ್ನು ಏಕೆ ಸವೆಯುತ್ತದೆ? ಶಾಲೆಯಲ್ಲಿ ಕಲಿತ ಸನ್ನೆಯ ಪಾಠವನ್ನು ನೆನಪಿಸಿಕೊಳ್ಳಿ. ಮುಂದಕ್ಕೆ ಚಾಚಿದ ಕೈಯಲ್ಲಿ ಹೊರೆ, ಬೆನ್ನುಮೂಳೆಯ ಬುಡವೇ ಆನಿಕೆ. ಹೊರೆ ಆನಿಕೆಯಿಂದ 40 ಸೆಂಟಿಮೀಟರ್ ಮುಂದಿರುತ್ತದೆ. ಅದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯುಗಳು ಸುಮಾರು 5 ಸೆಂಟಿಮೀಟರ್ ಹಿಂದಿರುತ್ತವೆ. ಅಂದರೆ ಸ್ನಾಯು ಎಂಟು ಪಟ್ಟು ಎಳೆಯಬೇಕು. 25 ಕಿಲೋ ಹೊರೆಗೆ 200 ಕಿಲೋ ಎಳೆತ! ಬಗ್ಗಿದ ಮೈಯ ತೂಕವನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಇಷ್ಟೂ ಒತ್ತಡ ಬೀಳುವುದು ಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳ ಮೇಲೆ.

ಹಾಗಾದರೆ ಒಬ್ಬನು ಎಷ್ಟು ಎತ್ತಬಹುದು? 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಮಿತಿ ಹೇಳಿತು. 50 ಕಿಲೋ ಸಿಮೆಂಟು ಚೀಲ ಅದರೊಳಗೆ ಹಾಯಾಗಿ ಹಿಡಿಸುತ್ತದೆ. ಆದರೆ ಒಮ್ಮೆ ಎತ್ತಬಲ್ಲ ತೂಕ ಬೇರೆ, ವರ್ಷಗಟ್ಟಲೆ ಎತ್ತಿಯೂ ಬೆನ್ನು ಉಳಿಯುವ ತೂಕ ಬೇರೆ. ಅಮೆರಿಕದ ನಿಯಾಷ್ ಸಂಸ್ಥೆ 1981ರಲ್ಲಿ ರೂಪಿಸಿ 1991ರಲ್ಲಿ ಪರಿಷ್ಕರಿಸಿದ ಸೂತ್ರ ಈ ಎರಡನೆಯದನ್ನು ಲೆಕ್ಕ ಹಾಕುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ 23 ಕಿಲೋ. ಅನುಕೂಲ ತಪ್ಪಿದಷ್ಟೂ ಅದಕ್ಕೆ ಕಡಿತ.

ಒಂದು ಲೆಕ್ಕ ಮಾಡೋಣ. ಚೀಲವನ್ನು ಹಿಡಿದ ಕೈ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿದೆ, ಮೈಯಿಂದ 40 ಸೆಂಟಿಮೀಟರ್ ದೂರದಲ್ಲಿದೆ. ಅಲ್ಲಿಂದ ಅದನ್ನು 90 ಸೆಂಟಿಮೀಟರ್ ಮೇಲೆತ್ತಬೇಕು, 45 ಡಿಗ್ರಿ ಸೊಂಟ ತಿರುವಬೇಕು. ದೂರಕ್ಕೆ 0.625, ತಗ್ಗಿಗೆ 0.82, ಎತ್ತುವ ಅಂತರಕ್ಕೆ 0.87, ತಿರುವಿಗೆ 0.856 ಎಂದು ಗುಣಿಸಿದರೆ 23 ಕಿಲೋ 8.8 ಕಿಲೋಗೆ ಇಳಿಯುತ್ತದೆ. ಅಲ್ಲಿರುವ ಚೀಲವೋ 50 ಕಿಲೋ! ಮಿತಿಯ ಐದೂವರೆ ಪಟ್ಟಿಗೂ ಹೆಚ್ಚು.

ಈಗ ಅದೇ ರಾಶಿಯನ್ನು 75 ಸೆಂಟಿಮೀಟರ್ ಎತ್ತರದ ಅಟ್ಟಣೆಯ ಮೇಲೆ ಇಡಿ. ಹೊರೆಯನ್ನು ಮೈಗೆ ಹತ್ತಿರ, 25 ಸೆಂಟಿಮೀಟರಿನಲ್ಲಿ ಹಿಡಿಯಲಿ. ಸೊಂಟ ತಿರುವದೆ ಪಾದ ತಿರುಗಿಸಲಿ. 30 ಸೆಂಟಿಮೀಟರ್ ಮಾತ್ರ ಎತ್ತಲಿ. ಮಿತಿ 22.3 ಕಿಲೋಗೆ ಏರುತ್ತದೆ. ಮನುಷ್ಯ ಅವನೇ, ಊಟ ಅದೇ, ರಟ್ಟೆ ಅದೇ. ಬದಲಾದದ್ದು ಹೊರೆ ಕುಳಿತ ಜಾಗ ಮಾತ್ರ. ನಮ್ಮ ಹಿರಿಯರ ಹೊರೆಗಲ್ಲು ಹೇಳಿದ್ದೂ ಇದನ್ನೇ. ಆದರೂ 50 ಕಿಲೋ ಒಬ್ಬನ ಹೊರೆಯಲ್ಲ ಎಂಬುದನ್ನು ಇದೇ ಲೆಕ್ಕ ತೋರಿಸಿಕೊಡುತ್ತದೆ. ಅದಕ್ಕೆ ತಳ್ಳುಗಾಡಿ ಬೇಕು, ಇಲ್ಲವೇ ಚೀಲವೇ ಚಿಕ್ಕದಾಗಬೇಕು. ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ ಎಷ್ಟು ಬಾರಿ ಎತ್ತುತ್ತಾನೆ, ಹಿಡಿತ ಎಷ್ಟು ಭದ್ರ ಎಂಬುದನ್ನು ನಾನು ಬಿಟ್ಟಿದ್ದೇನೆ. ಅವೂ ಸೇರಿದರೆ ಮಿತಿ ಇನ್ನೂ ಇಳಿಯುತ್ತದೆ.

ಕತಾರಿನಲ್ಲಿ ಇನ್ನೊಂದು ಹೊರೆಯಿದೆ, ತಕ್ಕಡಿಗೆ ಸಿಗದ ಹೊರೆ: ಸೆಕೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಅದೇ ಬೆವರು ಹನಿಯಾಗಿ ನೆಲಕ್ಕೆ ಬಿದ್ದರೆ ಏನನ್ನೂ ಒಯ್ಯುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಕೊಲ್ಲಿಯ ತೇವದ ಗಾಳಿ ಬೀಸಿದಾಗ ಆಗುವುದು ಇದೇ. ಆದ್ದರಿಂದ ಬರಿಯ ಉಷ್ಣಮಾಪಕ ಸಾಲದು. ಒದ್ದೆ ಬತ್ತಿ ಸುತ್ತಿದ ಉಷ್ಣಮಾಪಕದ ಅಳತೆಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದ್ದಕ್ಕೆ ಎರಡು, ಸಾಮಾನ್ಯ ಉಷ್ಣಮಾಪಕದ್ದಕ್ಕೆ ಒಂದು ಪಾಲು ಸೇರಿಸಿ ಒಂದು ಸೂಚಿಯನ್ನು ಲೆಕ್ಕ ಹಾಕುತ್ತಾರೆ. ಇದು 32.1 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೊರಗಿನ ಕೆಲಸ ನಿಲ್ಲಬೇಕೆಂದು 2021ರ ಸಚಿವಾಲಯದ ಆದೇಶ ವಿಧಿಸಿತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3-30ರವರೆಗೆ ಬಯಲಿನ ಕೆಲಸವನ್ನೂ ಅದು ನಿಷೇಧಿಸಿತು. 2007ರ ಹಳೆಯ ಆದೇಶದಲ್ಲಿ ಈ ನಿಷೇಧ 11-30ರಿಂದ 3ರವರೆಗೆ, ಜೂನ್ 15ರಿಂದ ಆಗಸ್ಟ್ 31ರವರೆಗೆ ಮಾತ್ರ ಇತ್ತು. ಸೆಕೆಯಿಂದ ಜೀವಕ್ಕೆ ಅಪಾಯ ಎನಿಸಿದರೆ ಕೆಲಸ ನಿಲ್ಲಿಸುವ ಹಕ್ಕು ಕೆಲಸಗಾರನಿಗೇ ಇದೆ ಎಂದೂ 2021ರ ಆದೇಶ ಹೇಳುತ್ತದೆ. ಇದನ್ನು ನಮ್ಮವರಿಗೆ ಕನ್ನಡದಲ್ಲಿ ತಿಳಿಸುವವರು ಬೇಕು.

ಮನೆಯೊಳಗೂ ಈ ವಿದ್ಯೆಗೆ ಕೆಲಸವಿದೆ. ಊರಿನಲ್ಲಿ 14.2 ಕಿಲೋ ಅನಿಲ ತುಂಬಿದ ಉಕ್ಕಿನ ಸಿಲಿಂಡರಿನ ಒಟ್ಟು ತೂಕ ಹತ್ತಿರ ಹತ್ತಿರ 30 ಕಿಲೋ. ಇಲ್ಲಿ ನಾವು ಬಳಸುವ ‘ಶಫಾಫ್’ ಸಿಲಿಂಡರು ಲೋಹದ್ದಲ್ಲ, ನಾರುಗಾಜಿನದು. ಬಹಳ ಹಗುರ. ಅರಬ್ಬಿಯಲ್ಲಿ ಆ ಪದಕ್ಕೆ ಪಾರದರ್ಶಕ ಎಂದು ಅರ್ಥ. ಅನಿಲ ಎಷ್ಟು ಉಳಿದಿದೆಯೆಂದು ನೋಡಲು ಅದನ್ನು ಎತ್ತಿ ಅಲುಗಿಸಬೇಕಿಲ್ಲ, ಹೊರಗಿನಿಂದಲೇ ಕಾಣುತ್ತದೆ. ಯಾರೋ ಎತ್ತುವವರನ್ನು ನೆನೆದು ಮಾಡಿದ ವಸ್ತು ಅದು. ಅಡಿಗೆಮನೆಯ ಅಕ್ಕಿ ಡಬ್ಬಿಯನ್ನೂ ನೀರಿನ ದೊಡ್ಡ ಬಾಟಲಿಯನ್ನೂ ನೆಲದಿಂದ ಸೊಂಟದೆತ್ತರಕ್ಕೆ ಏರಿಸಿದರೆ ಮನೆಯವರ ಬೆನ್ನೂ ಹರಸುತ್ತದೆ.

ನಮ್ಮ ಸಂಘದಲ್ಲಿ ಇಂಜಿನಿಯರುಗಳಿದ್ದಾರೆ, ಮೇಲ್ವಿಚಾರಕರಿದ್ದಾರೆ, ಸಾಮಾನು ತರಿಸುವ ಅಧಿಕಾರವುಳ್ಳವರಿದ್ದಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟೆ. ಚೀಲಗಳ ರಾಶಿಯನ್ನು ನೆಲದ ಮೇಲೆ ಹಾಕಿಸಬೇಡಿ, ಕೆಳಗೆ ಅಟ್ಟಣೆ ಕೊಡಿಸಿ. ಲಾರಿ ನಿಲ್ಲುವ ಜಾಗ ಗಾರೆ ಕಲಸುವ ಜಾಗಕ್ಕೆ ಹತ್ತಿರವಿರಲಿ. ಪ್ರತಿ ಡಬ್ಬಿಯ ಮೇಲೂ ತೂಕ ಬರೆಸಿ. ತಳ್ಳುಗಾಡಿಯ ಚಕ್ರಕ್ಕೆ ಎಣ್ಣೆ ಹಾಕಿಸಿ. ಎಲ್ಲಕ್ಕಿಂತ ಮೊದಲು, ನಡುನೋವು ಎಂದವನನ್ನು ಊರಿಗೆ ಕಳಿಸುವ ಮುನ್ನ ಅವನು ನಿಂತು ದುಡಿಯುವ ಜಾಗವನ್ನು ಒಮ್ಮೆ ನೋಡಿ ಬನ್ನಿ.

ಅಂದು ಚಿಕಿತ್ಸಾಲಯದಲ್ಲಿ ನನ್ನ ಹೆಸರು ಮೊದಲು ಕೂಗಿದರು. ಹಿಂದಿರುಗಿ ಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಪಾಳಿಗೆ ಹೊತ್ತಾಯಿತೆಂದು ಅವರು ವೈದ್ಯರನ್ನು ಕಾಣದೆಯೇ ಹೊರಟುಹೋದರಂತೆ. ದಾರಿಬದಿಯಲ್ಲಿ ಹೊರೆಗಲ್ಲು ನೆಡಿಸಿದವರಿಗೆ ಅದರಲ್ಲಿ ಹೊರೆ ಇಳಿಸುವವನ ಹೆಸರು ಗೊತ್ತಿರಲಿಲ್ಲ. ನನಗೂ ಆ ಬಾಗಲಕೋಟೆಯವರ ಹೆಸರು ಗೊತ್ತಿಲ್ಲ. ಇದನ್ನು ಬರೆಯಲು ಅದು ಅಡ್ಡಿಯಾಗಲಿಲ್ಲ. ಅಟ್ಟಣೆ ಹಾಕಿಸಲು ನಿಮಗೂ ಆಗದಿರಲಿ.